ಮೂರು ಸುತ್ತಿನ ಗಂಟು

ಬುಧವಾರ, ಮಧ್ಯಾಹ್ನ ಒಂದೂವರೆ
ಉಪ್ಪಿನ ಕೋಣೆಯಿಂದ

ನನ್ನ ಮುದ್ದಿನ ಗುಬ್ಬಚ್ಚಿಗೆ ಅಮ್ಮನ ಆಶೀರ್ವಾದ.

ನಾನು ಕ್ಷೇಮ ಎಂದು ಬರೆಯಲು ಹೊರಟರೆ ಕೈ ಏಳುತ್ತಿಲ್ಲ. ಬೆಳಿಗ್ಗೆಯಿಂದ ಹತ್ತು ಸಲವಾದರೂ ಫೋನ್ ಮಾಡಿರುತ್ತೀಯ. ಫೋನು ನನ್ನ ಹತ್ತಿರ ಇಲ್ಲ. ಮೇಸ್ತ್ರಿ ಗೇಟಿನಲ್ಲೇ ಎಲ್ಲರ ಫೋನನ್ನೂ ಒಂದು ಬಕೆಟ್ಟಿಗೆ ಹಾಕಿಸಿಕೊಂಡ. ಚೀಲಕ್ಕೆ ಅಂಟಿಸುವ ‘ಒಣ ಮೀನು’ ಚೀಟಿಗಳ ಹಿಂಬದಿಯಲ್ಲಿ, ಉಪ್ಪಿನ ಮೂಟೆಗಳ ಸಂದಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮೂರು ಗಂಟೆಗೆ ಐಸ್ ಲಾರಿ ಹೊರಡುತ್ತದೆ, ಡ್ರೈವರ್ ಮಾವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಐಸ್ ಚೂರು ತಿನ್ನಿಸುತ್ತಿದ್ದನಲ್ಲ, ಅವನೇ. ಐದಕ್ಕೆಲ್ಲ ನಿನ್ನ ಕೈ ಸೇರಬಹುದು.

ಮೊದಲು ನಿನ್ನನ್ನು ಬೈದುಬಿಡುತ್ತೇನೆ, ಮಿಕ್ಕದ್ದು ಆಮೇಲೆ. ನಿನ್ನ ಸಂಘದ ಕರಪತ್ರ ಇಲ್ಲಿಗೆ ಬಂದಿದೆ. ‘ಶಾರ್ಕ್ ಉಳಿಸಿ’ ಎಂದು ದಪ್ಪ ಅಕ್ಷರ, ಅದರ ಕೆಳಗೆ ನಾನು ಕದ್ದು ತೆಗೆದು ಕಳಿಸಿದ, ಶಾರ್ಕ್ ರೆಕ್ಕೆ ತುಂಬಿದ ಚೀಲದ ಫೋಟೋ. ನಿನ್ನ ಹೆಸರು ಎಲ್ಲೂ ಬರಲ್ಲ ಅಮ್ಮ, ಒಂದೇ ಒಂದು ಫೋಟೋ ಕೊಡು ಎಂದು ನೀನು ಎಷ್ಟು ಗೋಗರೆದಿದ್ದೆ! ಹೆಸರೇನೋ ಬಂದಿಲ್ಲ. ಚೀಲದ ಮೇಲಿನ ಗುರುತಿಗೆ ಮಸಿ ಬಳಿದಿದ್ದೀಯ, ಹಿಂದಿನ ಗೋಡೆಗೂ ಬಳಿದಿದ್ದೀಯ, ಭಾರೀ ಜಾಣೆ. ಚೀಲದ ಬಾಯಿಯ ಹೊಲಿಗೆಯನ್ನು ಮಾತ್ರ ಹಾಗೇ ಬಿಟ್ಟಿದ್ದೀಯ. ಇಷ್ಟೆಲ್ಲ ಓದಿದವಳಿಗೆ ಹೆತ್ತ ತಾಯಿಯ ಗಂಟು ಕಣ್ಣಿಗೆ ಬೀಳಲಿಲ್ಲವೇನೇ?

ನಿನ್ನ ಶಾಲೆಯ ಚೀಲದ ಪಟ್ಟಿ ಕಿತ್ತು ಬಂದಾಗಲೆಲ್ಲ ಹಾಕುತ್ತಿದ್ದೆನಲ್ಲ, ಅದೇ ಗಂಟು. ಕೊನೆಯ ಹೊಲಿಗೆಯನ್ನು ಹಿಂದಕ್ಕೆ ಎಳೆದು, ಮೂರು ಸುತ್ತು ಸುತ್ತಿ, ದಾರದ ತುದಿಯನ್ನು ಒಳಗೆ ತೂರಿಸುವುದು. ಕತ್ತರಿಯಿಲ್ಲದೆ ಬಿಚ್ಚಲು ಬರುವುದಿಲ್ಲ ಎಂದು ನೀನು ರಗಳೆ ಮಾಡುತ್ತಿದ್ದೆ. ಇಲ್ಲಿ ಮಿಕ್ಕವರೆಲ್ಲ ಎರಡು ಸುತ್ತು ಹಾಕಿ ಕತ್ತರಿಸಿಬಿಡುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಚೀಲವೂ ಬಾಯಿ ಬಿಟ್ಟಿಲ್ಲ ಎಂದು ನಾನೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಅದೇ ಕುತ್ತಿಗೆಗೆ ಬಂತು.

ಹತ್ತು ಗಂಟೆಗೆ ಮೇಸ್ತ್ರಿ ಚೀಲ ಹೊಲಿಯುವ ನಮ್ಮ ಆರು ಹೆಂಗಸರನ್ನೂ ಒಣಗಿಸುವ ಅಂಗಳದಲ್ಲಿ ಸಾಲಾಗಿ ಕೂರಿಸಿದ. ತಲೆಗೊಂದು ಚೀಲ, ದಬ್ಬಳ, ದಾರ. ಎಲ್ರೂ ಹೊಲೀರಿ, ಮಾತಾಡ್ಬೇಡಿ ಅಂದ. ಅವನು ಬಂದು ಆರು ತಿಂಗಳೂ ಆಗಿಲ್ಲ, ಯಾರ ಕೈ ಯಾವುದೆಂದು ಅವನಿಗೆ ತಿಳಿಯದು. ಕರಪತ್ರ ಹಿಡಿದುಕೊಂಡು ಒಬ್ಬೊಬ್ಬರ ಬೆನ್ನ ಹಿಂದೆಯೂ ನಿಂತ. ಹಳಬರಾದ ನಾಲ್ವರಿಗೂ ಆ ಗಂಟು ಯಾರದೆಂದು ಚೆನ್ನಾಗಿ ಗೊತ್ತು. ಯಾರೊಬ್ಬರೂ ತಲೆ ಎತ್ತಲಿಲ್ಲ.

ಎರಡೇ ಸುತ್ತು, ಎರಡೇ ಸುತ್ತು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹಾಳಾದ ಕೈ ತನ್ನ ಪಾಡಿಗೆ ಮೂರನೆಯ ಸುತ್ತಿಗೆ ಹೊರಟುಬಿಟ್ಟಿತು. ಬೇಕೆಂದೇ ದಬ್ಬಳವನ್ನು ಬೆರಳಿಗೆ ಚುಚ್ಚಿಕೊಂಡೆ. ರಕ್ತ ಕಂಡು ಮೇಸ್ತ್ರಿ, ಸಾಕು ಬಿಡು ಅಂದ. ಎರಡು ಸುತ್ತಿನ ಗಂಟನ್ನು ನೋಡಿ ಮುಂದಕ್ಕೆ ಹೋದ.

ನನ್ನ ಪಕ್ಕದಲ್ಲಿದ್ದವಳು ಹೊಸಬಳು. ಫೋನಿನಲ್ಲಿ ಹೇಳಿದ್ದೆನಲ್ಲ, ಹೋದ ವರ್ಷ ಸೇರಿದವಳು, ಕೆಲಸ ಮಾಡುವಾಗಲೂ ಏನಾದರೊಂದು ಗುನುಗುತ್ತಿರುತ್ತಾಳೆ ಎಂದು. ಐದು ತಿಂಗಳ ಕೂಸನ್ನು ಎದುರು ಬೀದಿಯಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದು, ನಡುವೆ ಎರಡು ಸಲ ಓಡಿಹೋಗಿ ಹಾಲು ಕುಡಿಸಿ ಬರುತ್ತಾಳೆ. ಚೀಲಗಳು ದಿನಾ ಬಾಯಿ ಬಿಡುತ್ತಿದ್ದುದಕ್ಕೆ ಬೈಸಿಕೊಳ್ಳುತ್ತಿದ್ದಳೆಂದು ಕನಿಕರವಾಗಿ ನನ್ನ ಗಂಟನ್ನು ನಾನೇ ಕಲಿಸಿದ್ದೆ. ಪಾಪ, ಅವಳು ಕರಪತ್ರವನ್ನೇ ನೋಡಿರಲಿಲ್ಲ. ಅಚ್ಚುಕಟ್ಟಾಗಿ ಮೂರು ಸುತ್ತು ಹಾಕಿ, ತುದಿ ತೂರಿಸಿ, ಹೇಗಿದೆ ಎನ್ನುವಂತೆ ನನ್ನ ಕಡೆಗೇ ಹಿಡಿದು ತೋರಿಸಿದಳು.

ಯಾರು ಕಲಿಸಿದ್ದು ನಿಂಗೆ ಎಂದು ಮೇಸ್ತ್ರಿ ಕೇಳಿದ. ಅವಳು ನನ್ನ ಮುಖ ನೋಡಿದಳು, ಅವನ ಕೈಯಲ್ಲಿದ್ದ ಚಿತ್ರ ನೋಡಿದಳು. ಆಗ ಅವಳಿಗೆ ಅರ್ಥವಾಯಿತು. ಯಾರೂ ಕಲ್ಸಿಲ್ಲ, ನಂಗೇ ಬರತ್ತೆ ಅಂದಳು. ಅವಳನ್ನು ಮೇಲಿನ ಆಫೀಸಿಗೆ ಕರೆದುಕೊಂಡು ಹೋಗಿ ಕೂರಿಸಿ ಬಾಗಿಲಿಗೆ ಕಾವಲು ಹಾಕಿದ್ದಾರೆ. ನಾಲ್ಕಕ್ಕೆ ಧಣಿ ಬಂದು ವಿಚಾರಿಸುತ್ತಾರಂತೆ. ನಾನು ಮುಂದಿನ ಚೀಲ ಎತ್ತಿಕೊಂಡೆ.

ಇಷ್ಟು ಹೇಳಿದ ಮೇಲೆ ನನ್ನನ್ನು ಎಂಥವಳೆಂದುಕೊಳ್ಳುತ್ತೀಯೋ. ಆದರೆ ಇಲ್ಲಿ ಚೀಲ ತೂಗುತ್ತಿದ್ದವನ ವಿಷಯ ನಾನು ನಿನಗೆ ಯಾವತ್ತೂ ಹೇಳಿಲ್ಲ. ಎರಡು ವರ್ಷದ ಹಿಂದೆ ಅವನು ರೆಕ್ಕೆ ಕದ್ದು ಸಾಗಿಸುವ ವಿಚಾರವನ್ನು ಅಧಿಕಾರಿಯೊಬ್ಬರ ಹತ್ತಿರ ಬಾಯಿ ಬಿಟ್ಟ. ಮಾರನೆಯ ದಿನ, ಬಾ ದೋಣಿ ನೋಡ್ಕೊಂಡು ಬರೋಣ ಎಂದು ಧಣಿಯೇ ಕರೆದುಕೊಂಡು ಹೋದರು. ಧಣಿ ವಾಪಸು ಬಂದರು. ಕೆಲಸ ಬಿಟ್ಟು ಊರಿಗೆ ಹೋದ ಎಂದು ನಮಗೆ ಹೇಳಿದರು. ಅವನ ಚಪ್ಪಲಿ ಇನ್ನೂ ತಕ್ಕಡಿಯ ಕೆಳಗೇ ಇದೆ. ಗುಡಿಸುವವಳೂ ಅದನ್ನು ಸರಿಸುವುದಿಲ್ಲ, ಸುತ್ತ ಗುಡಿಸಿಕೊಂಡು ಹೋಗುತ್ತಾಳೆ.

ಗೊತ್ತಿದ್ದೂ ಯಾಕೆ ಫೋಟೋ ತೆಗೆದೆ ಎನ್ನುತ್ತೀಯ. ನಿನ್ನ ಭಾಷಣ ಕೇಳಿ ತೆಗೆಯಲಿಲ್ಲ, ಅಷ್ಟು ಬೀಗಬೇಡ. ನಾನು ಇಲ್ಲಿಗೆ ಸೇರಿದ ಹೊಸದರಲ್ಲಿ ಒಂದೊಂದು ಶಾರ್ಕ್ ರೆಕ್ಕೆಯೂ ಮೊರದಷ್ಟು ಇರುತ್ತಿತ್ತು. ಆಮೇಲೆ ತಟ್ಟೆಯಷ್ಟಾಯಿತು, ಅಂಗೈಯಷ್ಟಾಯಿತು. ಮೇಲೂ ಕೆಳಗೂ ಒಣ ಮೀನು ಹರಡಿ ನಡುವೆ ರೆಕ್ಕೆ ತುಂಬುವಾಗ, ಹೋದ ತಿಂಗಳು ಕೆಲವು ನನ್ನ ಹೆಬ್ಬೆರಳಿನಷ್ಟಿದ್ದವು. ಆಗಷ್ಟೇ ಹುಟ್ಟಿದ ಮರಿಗಳವು. ರೆಕ್ಕೆ ಕೊಯ್ದು ಮೈಯನ್ನು ಜೀವ ಇರುವಾಗಲೇ ನೀರಿಗೆ ನೂಕುತ್ತೇವೆ, ಅದು ಈಜಲಾಗದೆ ಕಲ್ಲಿನ ಹಾಗೆ ಮುಳುಗುತ್ತದೆ ಎಂದು ದೋಣಿಯವರು ನಗುತ್ತಾ ಹೇಳುತ್ತಿದ್ದರು. ಅವತ್ತು ನನಗೆ ಊಟ ಸೇರಲಿಲ್ಲ.

ಆದರೆ ಈಗ ನನಗೆ ಶಾರ್ಕೂ ಬೇಡ, ಸಮುದ್ರವೂ ಬೇಡ. ಆ ಚಿತ್ರವನ್ನು ಎಲ್ಲ ಕಡೆಯಿಂದಲೂ ತೆಗೆಸಿಬಿಡು. ಒಂದಷ್ಟು ದಿನ ಸುಮ್ಮನಿರು. ಏನೇ ಆದರೂ ಈ ಕಡೆ ತಲೆ ಹಾಕಬೇಡ. ಕರಪತ್ರ ಹೊರಡಿಸಿದವಳು ನನ್ನ ಮಗಳೆಂದು ಧಣಿಗೆ ಗೊತ್ತಾದರೆ ಏನಾಗುತ್ತದೋ. ಹೊಸಬಳಿಗೇನೂ ಆಗಲಿಕ್ಕಿಲ್ಲ, ಕೂಸಿನ ತಾಯಿ, ನಾಲ್ಕು ಮಾತು ಬೈದು ಕಳಿಸುತ್ತಾರೆ. ಹಾಗೆಂದು ನಾನು ಅಂದುಕೊಂಡಿದ್ದೇನೆ. ಅವಳ ಅತ್ತೆ ಕೂಸನ್ನು ಎತ್ತಿಕೊಂಡು ಎರಡು ಸಲ ಗೇಟಿಗೆ ಬಂದು ಹೋದಳು. ಕಾವಲಿನವನು ಒಳಗೆ ಬಿಡಲಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ಪ್ರೀತಿಯ,
ಅಮ್ಮ

ತಾ.ಕ.: ಎರಡೂ ಮುಕ್ಕಾಲು. ನೀರು ಕೊಡುವ ನೆಪ ಮಾಡಿಕೊಂಡು ಮೇಲೆ ಹೋಗಿ ಬಂದೆ. ಹೊಸಬಳು ಮೂಲೆಯ ಕುರ್ಚಿಯಲ್ಲಿ ಮುದುಡಿ ಕುಳಿತಿದ್ದಾಳೆ, ಹಾಲು ಇಳಿದು ಅವಳ ಎದೆಯ ಬಟ್ಟೆಯೆಲ್ಲ ಒದ್ದೆಯಾಗಿದೆ. ಅಕ್ಕಾ, ಮಗು ಅಳ್ತಾ ಇದ್ಯಾ ಎಂದಷ್ಟೇ ಕೇಳಿದಳು. ಇಲ್ಲ ಕಣೇ, ಮಲಗಿದೆ ಅಂದೆ. ಅಷ್ಟರಲ್ಲಿ ಗೇಟಿನ ಕಡೆಯಿಂದ ಅಳು ಕೇಳಿಸಿತು. ಅವಳು ನನ್ನ ಮುಖ ನೋಡಲಿಲ್ಲ, ನಾನು ತಂದ ನೀರನ್ನು ಕುಡಿದಳು.

ಚಿತ್ರ ತೆಗೆಸು, ಬರಬೇಡ ಎಂದೆಲ್ಲ ಮೇಲೆ ಬರೆದಿದ್ದನ್ನು ಹೊಡೆದುಹಾಕಿಕೊಂಡು ಓದು. ಬೇರೆ ಬರೆಯಲು ಚೀಟಿ ಉಳಿದಿಲ್ಲ. ಧಣಿ ಬಂದ ಕೂಡಲೇ ಅವರ ಎದುರು ಕುಳಿತು ನಾನೇ ಒಂದು ಚೀಲ ಹೊಲಿದು ತೋರಿಸುತ್ತೇನೆ. ನೀನು ಇದನ್ನು ಓದುವ ಹೊತ್ತಿಗೆ ಅದು ಆಗಿಹೋಗಿರುತ್ತದೆ. ಈ ಪತ್ರವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಗಂಟೇ ಹಾಕಿ ಕಳಿಸುತ್ತಿದ್ದೇನೆ. ನೀನು ಬಟ್ಟೆಯನ್ನು ಪಕ್ಕದಿಂದಲೇ ಕತ್ತರಿಸಿರುತ್ತೀಯ, ಗಂಟು ಬಿಚ್ಚುವ ತಾಳ್ಮೆ ನಿನಗೆ ಯಾವತ್ತಿತ್ತು? ಆ ಗಂಟನ್ನು ಜೋಪಾನವಾಗಿ ಎತ್ತಿಡು. ಹೊಸಬಳ ಮೇಲೆ ಯಾರಾದರೂ ತಪ್ಪು ಹೊರಿಸಿದರೆ ಗಂಟನ್ನೂ ಪತ್ರವನ್ನೂ ಫೋಟೋದ ಪಕ್ಕದಲ್ಲಿಟ್ಟು, ಇದು ನಮ್ಮಮ್ಮನ ಕೈಯದು ಎಂದು ಹೇಳು. ರೆಕ್ಕೆಯ ಚೀಲಗಳು ನಾಳೆ ಬೆಳಿಗ್ಗೆ ಆರಕ್ಕೆ ಹೊರಡುತ್ತವೆ, ಅಷ್ಟರೊಳಗೆ ಬಾ. ಒಬ್ಬಳೇ ಬರಬೇಡ. ಅಧಿಕಾರಿಗಳು, ಪತ್ರಿಕೆಯವರು, ನಿನ್ನ ಸಂಘದ ಅರ್ಜಿಗೆ ಸಹಿ ಹಾಕಿದವರು, ಯಾರು ಸಿಕ್ಕರೆ ಅವರನ್ನೆಲ್ಲ ಕರೆದುಕೊಂಡು ಬಾ.

ತುಂಬಾ ಹೆದರಿಕೆ ಆಗುತ್ತಿದೆ ಕಣೇ. ಆಫೀಸಿಗೆ ಹೋಗುವವರು ಮೆಟ್ಟಿಲ ಕೆಳಗೆ ಚಪ್ಪಲಿ ಬಿಡಬೇಕು. ನಾನು ಬಿಡುವುದಿಲ್ಲ, ಹಾಕಿಕೊಂಡೇ ಹೋಗುತ್ತೇನೆ. ತಕ್ಕಡಿಯ ಕೆಳಗೆ ಉಳಿದಿರುವ ಆ ಒಂದು ಜೊತೆಯೇ ಸಾಕು. ಬೇಗ ಬಾ.