ವಾರದ ಕೊನೆಗೆ ಬೀಸುವ ಗಾಳಿ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ಅಮ್ಮನ ಮುತ್ತುಗಳು. ನಿನ್ನ ಪತ್ರ ಬಂದು ಎಷ್ಟೋ ಕಾಲವಾಯಿತು, ನಾನು ಒಂದು ಸಾಲೂ ಬರೆದಿಲ್ಲ. ಬೈದುಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈದುಕೋ. ನೀನು ಕಳಿಸಿದ ಫೋಟೋ ಗ್ರೀನ್‌ರೂಮಿನ ಕನ್ನಡಿಗೆ ಸಿಕ್ಕಿಸಿದ್ದೇನೆ. ಈಜುಕೊಳದ ದಂಡೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಮಕ್ಕಳನ್ನು ಗದರಿಸುತ್ತ ನಿಂತಿದ್ದೀಯಲ್ಲ, ಅದು. ಪೌಡರ್ ಮಾವ ಅದನ್ನು ನೋಡಿ, "ಏನು ಗಂಟಲಮ್ಮಾ ಇವಳದು! ಫೋಟೋದಲ್ಲೇ ಕೇಳಿಸ್ತಿದೆ" ಎಂದರು. ಅವರಿಗೀಗ ಬಣ್ಣ ಹಚ್ಚುವಾಗ ಕೈ ಸ್ವಲ್ಪ ನಡುಗುತ್ತದೆ. ಆದರೂ ಕುಂಚವನ್ನು ಬೇರೆಯವರ ಕೈಗೆ ಕೊಡುವವರಲ್ಲ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣವಿದೆ. ನನ್ನ ಕೆಲಸ ಹೋಗುವುದರಲ್ಲಿತ್ತು. ಗಾಬರಿಪಡಬೇಡ, ಹೋಗಲಿಲ್ಲ. ಹೋಗುತ್ತದೋ ಉಳಿಯುತ್ತದೋ ಎಂಬ ತಳಮಳದಲ್ಲಿ ನಿನಗೆ ಬರೆದಿದ್ದರೆ ಕಾಗದದ ತುಂಬ ಅಳುವೇ ಇರುತ್ತಿತ್ತು. ಈಗ ಎದೆ ಹಗುರವಾಗಿದೆ, ಅದಕ್ಕೇ ಕುಳಿತಿದ್ದೇನೆ.

ಪ್ರಯೋಗಾಲಯದಲ್ಲಿ ನಾನು ನಟಿ ಎನ್ನುವುದು ಒಬ್ಬರಿಗೂ ಗೊತ್ತಿರಲಿಲ್ಲ, ಅದು ನಿನಗೆ ಗೊತ್ತು. ಕೆಲಸಕ್ಕೆ ಸೇರುವ ದಿನ ಸಂದರ್ಶನದಲ್ಲಿ ಒಬ್ಬರು, "ನಾಟಕ ಗೀಟಕದ ಹುಚ್ಚು ಇಲ್ಲ ತಾನೇ?" ಎಂದು ಸುಮ್ಮನೆ ನಕ್ಕಿದ್ದರು. ನಾನೂ ನಕ್ಕೆ. ಆಮೇಲೆ ಆ ನಗುವನ್ನೇ ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದೆ. ಹಗಲಿಗೆ ಬಿಳಿ ಕೋಟು, ದಪ್ಪ ಕನ್ನಡಕ. ಸಂಜೆಗೆ ಬೇರೆ ಹೆಸರು, ಬೇರೆ ಕೂದಲು, ರಾಣಿಯ ಗತ್ತು. ಕನ್ನಡಕ ತೆಗೆದುಬಿಟ್ಟರೆ ನನ್ನ ಗುರುತು ನನಗೇ ಸಿಗುವುದಿಲ್ಲ, ಇನ್ನು ಅವರಿಗೆಲ್ಲಿ? ನಮ್ಮ ಮುಖ್ಯಸ್ಥರಂತೂ ನಾಟಕ ನೋಡುವ ಪೈಕಿಯೇ ಅಲ್ಲ. ಯಾರು ಏನು ಹೇಳಿದರೂ ಸೋಸಿ ಸೋಸಿ ಕೇಳುತ್ತಾರೆಂದು ಅವರಿಗೆ ಜರಡಿ ಮೇಷ್ಟ್ರು ಎಂದು ಹೆಸರಿಟ್ಟಿದ್ದೇವೆ. ಅದು ಅವರಿಗೂ ಗೊತ್ತು.

ನಮ್ಮ ಕೆಲಸ ಇಷ್ಟೇ. ಛಾವಣಿಯ ಮೇಲೆ ಒಂದು ಯಂತ್ರವಿದೆ. ಅದು ನಮ್ಮ ಹಾಗೇ ಗಾಳಿ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇಲುವ ಹೂವಿನ ಪರಾಗ, ಧೂಳು, ಬೂಷ್ಟು, ಎಲ್ಲವೂ ಒಳಗಿನ ಅಂಟುಪಟ್ಟಿಗೆ ಮೆತ್ತಿಕೊಳ್ಳುತ್ತವೆ. ಬೆಳಿಗ್ಗೆ ಹೋಗಿ ಹಳೇ ಪಟ್ಟಿ ತೆಗೆದು ಹೊಸದು ಹಾಕಿ, ಹಳೆಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಯಾವ ಮರದ ಪರಾಗ ಹೆಚ್ಚಾಗಿದೆ ಎಂದು ನಾವು ಪತ್ರಿಕೆಗೆ ತಿಳಿಸಿದರೆ ಉಬ್ಬಸದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಸಸ್ಯಶಾಸ್ತ್ರ ಓದಿದವಳು ಎಲ್ಲ ಬಿಟ್ಟು ಪರಾಗದ ಹಿಂದೆ ಯಾಕೆ ಬಿದ್ದೆ ಎನ್ನುವುದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕಿಟಕಿಯ ಮರದ ಸುದ್ದಿಯನ್ನು ಈಗ ಎತ್ತುವುದಿಲ್ಲ.

ಹೋದ ವರ್ಷ ಪಟ್ಟಿಯ ಮೇಲೆ ಹೊಸ ನೆಂಟರು ಕಾಣಿಸಿಕೊಂಡರು. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಮೂರು ಮೂಲೆ, ಮೈಯೆಲ್ಲ ಜೇನುಹುಟ್ಟಿನಂಥ ಗೆರೆಗಳು. ನೋಡಿದೊಡನೆ ಗುರುತು ಹಿಡಿದೆ. ಅವು ದೂರದ ತಣ್ಣನೆಯ ಬೆಟ್ಟಗಳಲ್ಲಿ ನೆಲದ ಮೇಲೆ ಹಬ್ಬುವ, ಪಾಚಿಯಂತೆ ಕಾಣುವ ಗಿಡವೊಂದರ ಬೀಜಕಗಳು, ಬೀಜದ ಬದಲು ಅದು ಉದುರಿಸುವ ನುಣ್ಣನೆಯ ಪುಡಿ. ಆ ಗಿಡ ಇಲ್ಲಿ ಹುಡುಕಿದರೂ ಸಿಗದು. ಹಾಗಾದರೆ ಅಷ್ಟು ದೂರದಿಂದ ಇವನ್ನು ಹೊತ್ತು ತರುವ ಗಾಳಿ ಯಾವುದು? ಮೇಷ್ಟ್ರಿಗೆ ಹಬ್ಬವೋ ಹಬ್ಬ. ಒಂದೇ ತೊಡಕು. ಬೀಜಕಗಳು ಬರುತ್ತಿದ್ದದ್ದು ವಾರದ ಕೊನೆಗೆ ಮಾತ್ರ. "ಗಾಳಿಗೂ ರಜೆ ಗೊತ್ತಾಗುತ್ತೇನ್ರೀ?" ಎಂದು ತಲೆ ಕೆರೆದುಕೊಂಡರು. ಆಮೇಲೆ ತಾವೇ ದಾರಿ ಕಂಡುಕೊಂಡರು. ರಜೆಯಲ್ಲಿ ಕಾರ್ಖಾನೆ ಮುಚ್ಚುತ್ತವೆ, ಹೊಗೆ ತಿಳಿಯಾಗುತ್ತದೆ, ಮೇಲಿನ ಗಾಳಿ ಕೆಳಗಿಳಿಯುತ್ತದೆ! ಬಾಣದ ಗುರುತು ಹಾಕಿ ನಕ್ಷೆ ಬರೆದರು. ಹಲವು ದೇಶದ ವಿಜ್ಞಾನಿಗಳು ಸೇರುವ ಸಭೆಯಲ್ಲಿ ಅದನ್ನು ಮಂಡಿಸುವುದೆಂದೂ ಗೊತ್ತಾಯಿತು. ನನ್ನ ಹೆಸರೂ ಅದರಲ್ಲಿತ್ತು.

ಹೋದ ತಿಂಗಳು ನಾಟಕಕ್ಕೆ ಹೊಸ ಹುಡುಗಿಯೊಬ್ಬಳು ಸೇರಿದಳು. ದೀಪದ ಕಾವಿಗೆ ಮುಖ ಬೆವರಿ ಬಣ್ಣ ಇಳಿಯುತ್ತದೆಂದು ಒಂದೇ ರಾಗ. ಪೌಡರ್ ಮಾವನಿಗೆ ಪೌರುಷ ಬಂತು. "ನನ್ನ ಕೈಯಲ್ಲಿ ಹಚ್ಚಿದ್ದು ಇಳಿಯುತ್ತಾ? ಇಲ್ಲಿ ನೋಡು ಮಗಾ" ಎಂದು ತಮ್ಮ ಹಳದಿ ಪುಡಿಯ ಡಬ್ಬಿಯಲ್ಲಿ ಬೆರಳು ಅದ್ದಿ, ಅದೇ ಬೆರಳನ್ನು ನೀರಿನ ಲೋಟದಲ್ಲಿ ಮುಳುಗಿಸಿ ತೆಗೆದರು. ಬೆರಳು ಒಂದಿಷ್ಟೂ ಒದ್ದೆಯಾಗಿರಲಿಲ್ಲ. ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಮಾತ್ರ ಆ ಒಣ ಬೆರಳನ್ನೇ ನೋಡುತ್ತ ನಿಂತೆ. ನೀರು ಅಂಟದ ಆ ಬೆಟ್ಟದ ಗಿಡದ ಬೀಜಕದ ಪುಡಿಯಿಂದ ಇದೇ ಆಟವನ್ನು ನಾನೇ ಒಂದು ಕಾಲದಲ್ಲಿ ತರಗತಿಯಲ್ಲಿ ಮಕ್ಕಳಿಗೆ ಆಡಿ ತೋರಿಸಿದ್ದೆ. ಈ ಪುಡಿಯನ್ನೇ ಮಾವ ಸೀಮೆಸುಣ್ಣದಂಥ ಏನೇನೋ ಬೆರೆಸಿ ನನ್ನ ಮುಖಕ್ಕೆ ಬಳಿಯುತ್ತ ಬಂದಿದ್ದರು. ಅದರಲ್ಲಿ ಏನಿದೆ ಎಂದು ಕೇಳಿದಾಗಲೆಲ್ಲ "ಗುಟ್ಟು" ಎಂದು ಕಣ್ಣು ಮಿಟುಕಿಸುತ್ತಿದ್ದರು, ನಾನೂ ಬಿಟ್ಟುಬಿಡುತ್ತಿದ್ದೆ. ನಾಟಕ ಇರುವುದು ಶುಕ್ರವಾರ, ಶನಿವಾರ ಸಂಜೆ. ಮಾರನೇ ಬೆಳಿಗ್ಗೆ, ರಜೆಯಲ್ಲಿ ಬೇರೆಯವರು ಬರುವುದಿಲ್ಲವೆಂದು, ಹೋದ ವರ್ಷದಿಂದ ಛಾವಣಿ ಹತ್ತುತ್ತಿದ್ದವಳು ನಾನೇ. ಬಗ್ಗಿ ಪಟ್ಟಿ ಬದಲಿಸುವಾಗ, ಬಣ್ಣ ಹಚ್ಚುವಾಗ ಹಾರಿ ಕೂದಲಲ್ಲಿ ಕೂತಿದ್ದ ಪುಡಿ ಉದುರುತ್ತಿದ್ದದ್ದೂ ನನ್ನ ತಲೆಯಿಂದಲೇ.

ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ಖಾತ್ರಿ ಮಾಡಿಕೊಂಡೆ. ಹೇಳಿದರೆ ಮೇಷ್ಟ್ರ ಮಾನ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಇಲ್ಲದ ಗಾಳಿಯೊಂದು ಪುಸ್ತಕಗಳಲ್ಲಿ ಬೀಸುತ್ತಲೇ ಇರುತ್ತದೆ. ಅನ್ನ ಸೇರಲಿಲ್ಲ. ಕೊನೆಗೆ ಮಾವನಿಂದ ಡಬ್ಬಿ ಇಸಕೊಂಡು ಮೇಷ್ಟ್ರ ಕೋಣೆಗೆ ನುಗ್ಗಿದೆ. ದಾರಿಯುದ್ದಕ್ಕೂ ಮಾತು ಉರು ಹೊಡೆದಿದ್ದೆ, ರಂಗದ ಮೇಲೆ ಒಂದು ಸಾಲೂ ತಪ್ಪದವಳು. ಅವರ ಮುಖ ನೋಡಿದ್ದೇ ತಡ, ಎಲ್ಲ ಮರೆತುಹೋಯಿತು. ಬೇರೆ ದಾರಿ ಕಾಣದೆ ಪುಡಿಯಲ್ಲಿ ಬೆರಳು ಅದ್ದಿ, ಅವರು ಕುಡಿಯಲು ಇಟ್ಟುಕೊಂಡಿದ್ದ ನೀರಿನಲ್ಲಿ ಮುಳುಗಿಸಿ, ಒಣ ಬೆರಳನ್ನು ಅವರ ಮೂಗಿನ ಮುಂದೆ ಹಿಡಿದೆ.

ಅವರಿಗೆ ತಕ್ಷಣ ಅರ್ಥವಾಯಿತು. "ಇದು ನಿಮ್ಮ ಹತ್ರ ಹೇಗೆ ಬಂತು?"

"ನಾನು ನಾಟಕದಲ್ಲಿ ಪಾರ್ಟು ಮಾಡ್ತೀನಿ ಸಾರ್. ಮುಖಕ್ಕೆ ಹಚ್ಚೋದು ಇದನ್ನೇ."

"ಯಾವಾಗಿಂದ?"

"ಇಲ್ಲಿಗೆ ಸೇರೋಕ್ಕೆ ಮುಂಚಿನಿಂದ."

"ಹಾಗಾದ್ರೆ ನಮ್ಮ ಗಾಳಿ?"

"ನನ್ನ ತಲೆಕೂದಲು ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಕ್ಷೆಯ ಬಾಣಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗಾಡಲು ಶುರುವಾಯಿತು. ಅಳುತ್ತಿದ್ದಾರೆಂದುಕೊಂಡೆ, ನೋಡಿದರೆ ನಗು! "ಇಷ್ಟು ದಿನ ನಿಮ್ಮ ತಲೆ ಧೂಳಿಗೆ ನಾನು ನಕ್ಷೆ ಬರೀತಿದ್ನೇನಮ್ಮಾ! ಭಾನುವಾರ ತಲೆಗೆ ನೀರು ಹಾಕ್ಕೊಳ್ಳೋ ಅಭ್ಯಾಸ ಇಲ್ವಾ ನಿಮಗೆ?" ಎಂದು ಕಣ್ಣೊರೆಸಿಕೊಂಡರು. ನಗು ನಿಂತ ಮೇಲೆ, "ನೀವು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ತಿಳೀತಿರಲಿಲ್ಲ" ಎಂದರು. "ನಾಟಕ ಸಂಜೆಗೆ ಮಾತ್ರ ಸಾರ್" ಎಂದೆ. ಆ ಮಾತು ಎಲ್ಲಿಂದ ಬಂತೋ ಕಾಣೆ.

ಸಭೆಗೆ ಹೋಗಿಯೇ ಹೋದರು. ನಾವು ಎಡವಿದ್ದು ಹೇಗೆಂದು ಪೂರ್ತಿ ಹೇಳಿ ಬಂದರಂತೆ. ಜನ ಬಿದ್ದು ಬಿದ್ದು ನಕ್ಕು, ಆಮೇಲೆ ತಮ್ಮ ತಮ್ಮ ಛಾವಣಿ ನೆನಪಾಗಿ ತೆಪ್ಪಗಾದರಂತೆ. ಈಗ ಟೋಪಿ ಹಾಕದೆ ಮೇಲೆ ಹೋಗುವ ಹಾಗಿಲ್ಲ. ಅದು ನನ್ನಿಂದ ಎಲ್ಲರಿಗೂ ಬಂದ ಶಿಕ್ಷೆ. ಮೊನ್ನೆ ಪ್ರಯೋಗಾಲಯದವರೆಲ್ಲ ನಾಟಕಕ್ಕೆ ಬಂದಿದ್ದರು. ನಾನು ಮಗನ ಹೆಣದ ಮುಂದೆ ಎದೆ ಬಡಿದುಕೊಂಡು ಅಳುವಾಗ ಸಾಲಿನಿಂದ ಒಬ್ಬಳು, "ಅಯ್ಯೋ, ನಮ್ಮ ಮೇಡಮ್ಮು! ನಮ್ಮನ್ನ ಬೈಯುವಾಗಲೂ ಇಷ್ಟು ದನಿ ಏರಲ್ವಲ್ಲೇ" ಎಂದಳು. ಸತ್ತುಬಿದ್ದಿದ್ದ ಮಗ ನಕ್ಕುಬಿಟ್ಟ. ಇತ್ತ ನಾಟಕದವರು ನನ್ನನ್ನು ಡಾಕ್ಟರಮ್ಮ ಎಂದು ಕರೆದು ಸೊಂಟನೋವಿಗೆ ಮಾತ್ರೆ ಕೇಳುತ್ತಾರೆ. ಕೇಳಲಿ ಬಿಡು. ಬಚ್ಚಿಡಲು ಏನೂ ಉಳಿದಿಲ್ಲ ಗುಬ್ಬಿ. ಬೀದಿಯಲ್ಲಿ ಯಾರಾದರೂ ಹಿಂದಿನಿಂದ ಯಾವ ಹೆಸರು ಹಿಡಿದು ಕೂಗಿದರೂ ಈಗ ನೆಮ್ಮದಿಯಿಂದ ತಿರುಗಿ ನೋಡುತ್ತೇನೆ.

ಅಜ್ಜಿಯ ಮಂಡಿ ಹೇಗಿದೆ? ನೀರಿನಲ್ಲಿ ಹೆಚ್ಚು ಹೊತ್ತು ನೆನೆಯಬೇಡ, ಕೂದಲು ಒಣಗಿಸದೆ ಮಲಗಬೇಡ. ದೊಡ್ಡವಳಾಗಿದ್ದೀಯ, ಗೊತ್ತು. ಆದರೂ ಹೇಳುತ್ತೇನೆ. ಹೊಟ್ಟೆ ತುಂಬ ಉಣ್ಣು, ಎದೆ ತುಂಬ ಉಸಿರಾಡು, ನೂರು ಕಾಲ ಚೆನ್ನಾಗಿರು.

ಇಂತಿ,
ನಿನ್ನ ಅಮ್ಮ

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಪೌಡರ್ ಮಾವನಿಗೆ ಡಬ್ಬಿ ವಾಪಸು ಕೊಡುವಾಗ ಅವರು, "ಈ ಪುಡಿ ಮೂಗಿಗೆ ಹೋದ್ರೆ ಕೆಮ್ಮು ಬರುತ್ತೇನಮ್ಮಾ?" ಎಂದು ಕೇಳಿದರು. ಕೆಲವರಿಗೆ ಉಬ್ಬಸವೇ ಬರುತ್ತದೆ ಎಂದೆ. ಅವರು ಕುರ್ಚಿ ಹುಡುಕಿಕೊಂಡು ಕುಳಿತರು. "ಗುಬ್ಬಿ ನಿನ್ನ ತೊಡೆ ಮೇಲೆ ಕೂತಿರ್ತಿದ್ಲಲ್ಲಮ್ಮಾ, ನಾನು ಪುಡಿ ಹಾಕುವಾಗ" ಎಂದರು. ಆವರೆಗೆ ಅದು ನನಗೆ ಹೊಳೆದಿರಲಿಲ್ಲ. ಊರಿನ ಗಾಳಿಯನ್ನೆಲ್ಲ ಸೋಸಿದವಳಿಗೆ ನನ್ನ ಮಡಿಲು ನೆನಪಾಗಿರಲಿಲ್ಲ. ಅದರ ಪರಾಗವೇ ಕಾರಣವೆಂದು ಕಿಟಕಿಯ ಮರ ಕಡಿಸಿದೆ, ನಿನ್ನ ಉಬ್ಬಸ ವಾಸಿಯಾಗಲಿಲ್ಲ. ಅಜ್ಜಿಯ ಮನೆಗೆ ಕಳಿಸಿದೆ, ವಾಸಿಯಾಯಿತು. ಬಸ್ಸು ಹತ್ತುವಾಗ ನೀನು, "ನಿನ್ನ ಹತ್ರ ಬಂದ್ರೇ ನಂಗೆ ಕೆಮ್ಮು ಬರೋದು. ಅದಕ್ಕೇ ಕಳಿಸ್ತಿದ್ದೀಯಾ ಅಮ್ಮಾ?" ಎಂದಿದ್ದೆ. ಹುಚ್ಚು ಮಾತಾಡಬೇಡ ಎಂದಿದ್ದೆ ನಾನು. ಈಗಲೂ ಸಿಕ್ಕಾಗ ನೀನು ಒಂದು ತೋಳಿನ ದೂರದಲ್ಲಿ ನಿಲ್ಲುತ್ತೀಯ. ನನ್ನ ಒಂದು ನಾಟಕವನ್ನೂ ನೋಡಿಲ್ಲ.

ಪುಡಿಯಿಂದಲೇ ಹಾಗಾಯಿತೆಂದು ಆಣೆ ಮಾಡಿ ಹೇಳಲಾರೆ. ಒಮ್ಮೆ ಎಡವಿದ್ದೇನೆ, ಇನ್ನು ಪರೀಕ್ಷೆ ಮಾಡದೆ ಬಾಯಿ ಬಿಡುವುದಿಲ್ಲ. ಮಾವ ಆ ಡಬ್ಬಿಯನ್ನು ಎಸೆದು ಪೆಟ್ಟಿಗೆ, ಕುಂಚ, ಕುರ್ಚಿ ಎಲ್ಲ ತೊಳೆದಿದ್ದಾರೆ. ಮುಂದಿನ ತಿಂಗಳ ಹೊಸ ನಾಟಕದಲ್ಲಿ ನನ್ನದು ಪುಡಿ ಹಚ್ಚದ ಬರೀ ಮುಖ. ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಹೇಳಿಟ್ಟಿದ್ದೇನೆ. ನಿನ್ನ ಔಷಧಿ ಚೀಲದಲ್ಲಿರಲಿ. ಪರದೆ ಬಿದ್ದ ಮೇಲೆ ಒಳಗೆ ಬಂದು ನನ್ನ ಕುತ್ತಿಗೆಯಲ್ಲಿ ಮುಖವಿಟ್ಟು ಗಟ್ಟಿಯಾಗಿ ಉಸಿರು ಎಳೆದು ನೋಡು. ಕೆಮ್ಮು ಬಂದರೆ ನನ್ನ ಊಹೆ ತಪ್ಪು, ಬೇರೆ ಕಾರಣ ಹುಡುಕುತ್ತೇನೆ. ಬಾರದಿದ್ದರೆ ನಿನ್ನನ್ನು ಬೇಗ ಬಿಡುವುದಿಲ್ಲ, ಈಗಲೇ ಹೇಳಿರುತ್ತೇನೆ.