ಅರವತ್ತನೆಯ ಗುಂಡುಸೂಜಿ

ಅಕ್ಕಾ,

ಕೆಮ್ಮು ನಿಂತಿದೆ, ಚಿಂತೆ ಬೇಡ. ಇಲ್ಲಿ ನನ್ನ ಕೆಲಸ ಕೃಷಿ ಯೋಜನೆಯ ಬ್ಲಾಗ್ ಬರೆಯುವುದು. ಅದನ್ನು ಓದುವ ಒಂದೊಂದು ದೇಶಕ್ಕೂ ಆಫೀಸಿನ ಗೋಡೆಯ ಭೂಪಟದಲ್ಲಿ ಒಂದೊಂದು ಗುಂಡುಸೂಜಿ ಚುಚ್ಚುತ್ತೇವೆ. ಸೋಮವಾರ ಅರವತ್ತನೆಯದು ಚುಚ್ಚಿ ಕೇಕ್ ಕತ್ತರಿಸಿದೆವು.

ಅದೇ ಹೊತ್ತಿಗೆ ಎದುರು ಹೊಲದ ಹೆಂಗಸು ಬಂದು, "ಮೆಣಸಿನ ಗಿಡದ ಎಲೆ ಎಲ್ಲಾ ಮುದುಡ್ತಾ ಇದೆ, ಸ್ವಲ್ಪ ಬಂದು ನೋಡ್ತೀರಾ?" ಎಂದಳು. ನಮ್ಮ ಸಾಹೇಬರ ಕಣ್ಣಲ್ಲಿ ನೀರೇ ಬಂತು. "ಎಂಥಾ ಕಥೆ! ಇವತ್ತೇ ಬ್ಲಾಗಿಗೆ ಹಾಕ್ರೀ" ಎಂದರು. ಹಾಕಿದೆ. ಮೂರು ದಿನದಲ್ಲಿ ಹನ್ನೊಂದು ದೇಶಗಳಿಂದ ಉತ್ತರ ಬಂತು. ಎಲ್ಲರದೂ ಒಂದೇ ಮಾತು: ಎಲೆಯ ಅಡಿಯಲ್ಲಿ ಸಸ್ಯಹೇನು ಕೂತಿದೆ, ಸಾಬೂನು ನೀರು ಹೊಡೆಯಿರಿ. ಅವರಿಗೆಲ್ಲ ಧನ್ಯವಾದ ಬರೆಯುವುದರಲ್ಲೇ ಇನ್ನೆರಡು ದಿನ ಕಳೆಯಿತು. ರಸ್ತೆ ದಾಟಿ ಅವಳಿಗೊಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಿನ್ನ ತಮ್ಮನಿಗೂ!

ಇವತ್ತು ಬೆಳಿಗ್ಗೆ ಹೋದೆ. ಗಿಡಗಳನ್ನೆಲ್ಲ ಕಿತ್ತು ಬೇಲಿಯ ಬದಿಗೆ ರಾಶಿ ಹಾಕಿದ್ದಳು. "ಐದು ದಿನ ನಿಮ್ಮ ಕಿಟಕೀನೇ ನೋಡ್ತಿದ್ದೆನಪ್ಪಾ. ಎಲ್ಲಾರೂ ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದ್ರಿ" ಎಂದಳು.

ಸ್ವೆಟರು ಕಳಿಸಬೇಡ, ಇಲ್ಲಿ ವಿಪರೀತ ಸೆಕೆ. ಇನ್ನು ಬರೆಯಲು ಪುರಸೊತ್ತಿಲ್ಲ, ಸಾಹೇಬರು ಕ್ಯಾಮೆರಾ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಗಿಡ ಈಗ ಹೇಗಿದೆ ಎಂದು ಅರವತ್ತು ದೇಶದವರು ಕೇಳುತ್ತಿದ್ದಾರಂತೆ. ಆ ರಾಶಿಯ ಫೋಟೊ ಬೇಕಂತೆ.

ನಿನ್ನ ತಮ್ಮ