ದುಃಖದ ನಳಕ್ಕೆ ಹಾಕಿದ ಬೀಗ

ಮತ್ತೆ, ಮಾನ್ಯ ಪಾರಂಪರಿಕ ಕಟ್ಟಡಗಳ ಅಧಿಕಾರಿಗಳೇ, ನಿನ್ನೆ ನಿಮ್ಮ ಕಚೇರಿಯಲ್ಲಿ ನಾನು ಮಾತು ಮುಗಿಸುವ ಮೊದಲೇ ತಾವು ಊಟಕ್ಕೆ ಎದ್ದಿರಿ. ಉಳಿದದ್ದನ್ನು ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲೇ ಹೇಳುತ್ತೇನೆ. ಪುಣೆ ಕ್ಯಾಂಪಿನಲ್ಲಿ, ಸ್ಮಶಾನದ ದಾರಿಯಲ್ಲಿರುವ ಕಲ್ಲಿನ ನಳಕ್ಕೆ ಬೀಗ ಹಾಕಿಸಿದ್ದೀರಿ. ಸುತ್ತ ಕಬ್ಬಿಣದ ಬೇಲಿ, ಒಳಗೆ ಹುಲ್ಲುಹಾಸು, ದೀಪ, ಫಲಕ. ಎಲ್ಲ ಇದೆ, ನೀರೊಂದಿಲ್ಲ.

ಫಲಕ ಇಂಗ್ಲಿಷಿನಲ್ಲಿದೆ. ಕಾಲೇಜಿನ ಇಂಗ್ಲಿಷು ನನ್ನ ಬಳಿ ಅರ್ಧ ಉಳಿದಿದೆ, ಅಷ್ಟರಲ್ಲೇ ಓದಿದೆ. ರಾಣಿಯ ಮಗನಾದ ಡ್ಯೂಕ್ ಮಹಾಶಯರು ಅರಮನೆಯಲ್ಲಿ ಹುಟ್ಟಿದರು, ಮೀಸೆ ಮೂಡುವ ಮೊದಲೇ ಸೇನಾಧಿಕಾರಿಯಾದರು, ನಮ್ಮೂರಿನ ದಂಡಿಗೆ ದೊರೆಯಾಗಿ ಬಂದರು, ಪೋಲೋ ಆಡಿದರು, ಹುಲಿ ಹೊಡೆದರು, ಚಳಿಗಾಲವೆಲ್ಲ ನೃತ್ಯಕೂಟ ನಡೆಸಿದರು, ಹಡಗು ಹತ್ತಿದರು, ಮುದುಕರಾಗಿ ಮೆತ್ತನೆಯ ಹಾಸಿಗೆಯಲ್ಲಿ ತೀರಿಕೊಂಡರು. 'ಬೆನೆವೊಲೆಂಟ್' ಎಂದೂ ಬರೆದಿದೆ. ದಯಾಳು ಎಂದಿರಬೇಕು, ಇಲ್ಲವೇ ಹೊಟ್ಟೆ ದೊಡ್ಡದು ಎಂದೋ. ಆ ಪಾಠದ ದಿನ ನಾನು ಸಿನಿಮಾಕ್ಕೆ ಹೋಗಿದ್ದೆ. ಈ ದಯಾಳು ನಳ ಕಟ್ಟಿಸಿದ್ದು ಯಾರಿಗೆ? ಸತ್ತುಹೋದ ತನ್ನ ಕುದುರೆಯ ನೆನಪಿಗೆ, ದಂಡಿನ ಕುದುರೆಗಳು ಕುಡಿಯಲಿ ಎಂದು. ನಮಗಲ್ಲ. ಇರಲಿ, ಕುದುರೆಯೂ ಜೀವವೇ.

ಆದರೆ ನಮ್ಮ ಹಿರಿಯರ ಕಿವಿಗೆ 'ಡ್ಯೂಕ್' ಬೀಳಲಿಲ್ಲ, 'ದುಃಖ' ಬಿತ್ತು. ಡ್ಯೂಕನ ನಳ ದುಃಖದ ನಳವಾಯಿತು. ಹೆಸರೇ ಹಾಗಾದ ಮೇಲೆ, ಹೆಣ ಸುಟ್ಟು ಬಂದವರು ಅಲ್ಲೇ ಕೈಕಾಲು ತೊಳೆಯತೊಡಗಿದರು. ನೀವು ಬೀಗ ಹಾಕಿಸುವವರೆಗೂ ಆ ನೀರು ಮುಟ್ಟದೆ ನಮ್ಮ ಗಲ್ಲಿಯವರು ಹೊಸ್ತಿಲು ದಾಟುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಕುಮುದಳಿಗೆ ನಾನು ಜಾಣತನ ತೋರಿಸಿದ್ದೆ: "ದುಃಖ ಅಲ್ಲ ಮಾರಾಯ್ತಿ, ಡ್ಯೂಕ್. ರಾಣಿಯ ಮಗ."

"ಹೌದೇನ್ರಿ? ಹಂಗಾದ್ರ ಅವನ್ನೇ ಕರೀರಿ, ಅಳೋರ ಕೈಗೆ ನೀರು ಹಾಕ್ಲಿ."

ಅದೇ ಕುಮುದಳನ್ನು ಹೋದ ತಿಂಗಳು ಸುಟ್ಟು ಬಂದೆ. ನಳದ ಮುಂದೆ ನಿಮ್ಮ ಕಾವಲುಗಾರ ಅಡ್ಡ ನಿಂತ.

"ಕಾಕಾ, ಒಳಗ ಬರಬ್ಯಾಡ್ರಿ. ಹೆರಿಟೇಜ್ ಐತಿ."

"ಹೆಂಡತಿನ್ನ ಸುಟ್ಟು ಬಂದೀನೋ. ಕೈ ತೊಳೀಬೇಕು."

"ಕಲ್ಲಿಗೆ ಕಲೆ ಆಗ್ತದಂತ್ರಿ. ಸಾಹೇಬ್ರು ಹೇಳ್ಯಾರ."

"ಯಾವ ಸಾಹೇಬ್ರೋ? ಸತ್ತವ್ರೋ, ಇದ್ದವ್ರೋ?" ಎಂದ ಕುಮುದಳ ತಮ್ಮ ದತ್ತು. ಕಾವಲುಗಾರನಿಗೆ ನಗು ಬಂತು, ತಲೆ ತಗ್ಗಿಸಿದ. ದತ್ತು ಮೂಲೆಯ ಅಂಗಡಿಗೆ ಓಡಿದ. "ಸಾದಾ ಬೇಕೋ, ಕೋಲ್ಡ್ ಬೇಕೋ?" ಎಂದು ಅಂಗಡಿಯವನು ಕೂಗಿದ್ದು ನನಗೂ ಕೇಳಿಸಿತು. ಫ್ರಿಜ್ಜಿನ ಬಾಟಲಿಯ ನೀರಿನಲ್ಲಿ ನನ್ನ ಕುಮುದಳ ಬೂದಿ ತೊಳೆದುಕೊಂಡೆ, ಸ್ವಾಮಿ.

ನಿನ್ನೆ ತಾವು ಕೇಳಿದಿರಿ: "ಎದುರಿಗೇ ಮನೆ ಐತಲ್ರಿ ನಿಮ್ದು, ಮನ್ಯಾಗ ನಳ ಇಲ್ಲೇನು?" ಇದೆ. ಆದರೆ ಕೈಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ; ನೀರು ತಂದು ಹೊಸ್ತಿಲ ಹೊರಗಿಡಬೇಕಾದವಳನ್ನೇ ನಾನು ಸುಟ್ಟು ಬಂದಿದ್ದೆ. ಇದು ನಿಮ್ಮ ಯಾವ ಫಲಕದಲ್ಲಿದೆ? ತಲೆತಲಾಂತರದ ಕಣ್ಣೀರು ತೊಳೆದ ಕಲ್ಲು ಈಗ ನಮ್ಮ ಕೈ ತಾಗಿದರೆ ಕೆಡುತ್ತದೆಯೇ? ಆ ಡ್ಯೂಕನಾದರೂ ಕುದುರೆಗಳನ್ನು ಒಳಗೆ ಬಿಟ್ಟಿದ್ದ!

ಬೇಲಿ ಇಟ್ಟುಕೊಳ್ಳಿ. ಡ್ಯೂಕನ ಹೆಸರಿಗೆ ಇನ್ನೊಂದು ದೀಪ ಬೇಕಾದರೂ ಹಾಕಿಸಿ. ಬೀಗ ತೆಗೆಯಿರಿ, ನೀರು ಬಿಡಿ. ಫಲಕದ ಮೇಲೆ 'ಡ್ಯೂಕ್' ಎಂಬುದರ ಕೆಳಗೆ 'ದುಃಖ' ಎಂದೂ ಬರೆಸಿ. ಅವನು ಬಂದು ಹೋದವನು, ಇದು ಇಲ್ಲಿಯದು.

ಹೇಳುವುದು ಇನ್ನೂ ಇತ್ತು. ಬೆಳಕು ಇಳಿಯುತ್ತಿದೆ, ಅಕ್ಷರ ಕಾಣುತ್ತಿಲ್ಲ. ಸ್ಮಶಾನದ ಕಡೆಯಿಂದ ನಾಲ್ಕಾರು ಜನ ಬರಿಗಾಲಲ್ಲಿ ಬಂದು ನಿಮ್ಮ ಬೇಲಿಯ ಮುಂದೆ ನಿಂತಿದ್ದಾರೆ. ನಾನು ಬಕೆಟ್ ತುಂಬಿಸಬೇಕು.

ಇಂತಿ,
ಡ್ಯೂಕ್ ಸಾಹೇಬರ ಎದುರುಮನೆಯ,
ಸದ್ಯಕ್ಕೆ ದುಃಖದ ನಳವಾಗಿರುವ
ತ್ರ್ಯಂಬಕ ಭೋಸೇಕರ್